ಬೆಳ್ಳಗಾದ ಗೇರೆಣ್ಣೆ

ದೋಣಿಯ ಮೋಟಾರಿನ ಗೇರುಪೆಟ್ಟಿಗೆ ಬಿಚ್ಚಿ ಎಣ್ಣೆ ನೋಡು ಎಂದು ಅಡವಯ್ಯನಿಗೆ ಯಾರೂ ಹೇಳಿರಲಿಲ್ಲ. ಮೂರು ಗಂಟೆಗೆ ತುಮಕೂರಿನಿಂದ ಸಾಹೇಬರು ದೋಣಿ ಪರೀಕ್ಷಿಸಲು ಬರುತ್ತಾರೆಂಬ ಸುದ್ದಿ ಬೆಳಿಗ್ಗೆ ಬಂದಿತ್ತು. ಆ ಹೆದರಿಕೆಯಲ್ಲಿ ಬಿಚ್ಚಿಬಿಟ್ಟ.

ಅರವತ್ತಮೂರನೆಯ ಇಸವಿ. ಶಿರಾ ಪಕ್ಕದ ಕೆರೆಯಲ್ಲಿ ಮೀನು ಸಾಕಲು ಇಲಾಖೆಯವರು ಮೋಟಾರು ದೋಣಿ ಬಿಟ್ಟಿದ್ದರು. ಅಡವಯ್ಯ ಅದರ ಹಂಗಾಮಿ ಕಾವಲುಗಾರ. ದೋಣಿಗೇನಾದರೂ ಆದರೆ ಕೆಲಸ ಹೋಯಿತು ಎಂಬ ಚಿಂತೆಯಲ್ಲೇ ಎಂಟು ತಿಂಗಳು ಕಳೆದಿದ್ದ.

ದೋಣಿಯ ಹಿಂದೆ, ಮೋಟಾರಿನಿಂದ ನೀರಿಗಿಳಿದ ಕಾಲಿನಂಥ ಭಾಗದೊಳಗೆ ಗೇರು. ದೋಣಿಯನ್ನು ದಡಕ್ಕೆಳೆದು ಕೆಳಗಿನ ತಿರುಪು ಸಡಿಲಿಸಿದರೆ ಕಪ್ಪು ಎಣ್ಣೆ ಬರಲಿಲ್ಲ, ಬೆಳ್ಳಗೆ ನೊರೆನೊರೆಯಾಗಿ ಸುರಿಯಿತು. ಬಟ್ಟೆ ಒಗೆಯುತ್ತಿದ್ದ ಚಿಕ್ಕಹನುಮಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಬಂದು ನೋಡಿದಳು.

“ಇದೇನ್ಲಾ ಅಡವಯ್ಯ, ನಿನ್ ದೋಣಿ ಮಜ್ಜಿಗೆ ಕರಿತೈತೆ?”

ಅಡವಯ್ಯ ತಿರುಪನ್ನು ಅಲ್ಲೇ ಕೈಬಿಟ್ಟ. ಏರಿಯ ಮೇಲೆ ಲಾರಿ ರಿಪೇರಿ ಅಂಗಡಿ ಇಟ್ಟಿದ್ದ ಇನಾಯತುಲ್ಲಾನ ಬಳಿಗೆ ಓಡಿದ. ಇನಾಯತುಲ್ಲಾ ದಡಕ್ಕೆ ಬಂದು ಆ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, ತಿರುಪಿನ ವಾಷರು ಸವೆದು ನೀರು ಒಳಗೆ ಹೋಗಿದೆ ಎಂದ. ಮೋಟಾರು ದೋಣಿಯ ಗೇರು ಅವನು ಕಂಡದ್ದು ಅದೇ ಮೊದಲು. ಆದರೂ ಗೇರು ಅಂದಮೇಲೆ ಎಲ್ಲ ಒಂದೇ ಎಂದು ಧೈರ್ಯ ಹೇಳಿದ.

ಹಳೆಯದನ್ನೆಲ್ಲ ಬಸಿದು, ಮೇಲಿನ ತೂತಿನಿಂದ ಲಾರಿಯ ಗೇರೆಣ್ಣೆ ಹೊಯ್ದರು. ಗಾಳಿ ತಡೆದು ಅದು ಒಳಗಿಳಿಯದೆ ಅಡವಯ್ಯನ ಖಾಕಿ ಚಡ್ಡಿಗೇ ಇಳಿಯಿತು. ಕೆಳಗಿಂದ ತುಂಬಿಸಿದರೆ ಗಾಳಿ ಮೇಲಿಂದ ಹೋಗುತ್ತದಲ್ಲ ಎಂದು ಹೊಳೆದಾಗ ಒಂದೂವರೆ ಗಂಟೆ. ಇನಾಯತುಲ್ಲಾ ಅಂಗಡಿಯಿಂದ ಕೈಪಂಪು ತಂದ. ಅಷ್ಟರಲ್ಲಿ ಅವನು ತಂದಿದ್ದ ಹೊಸ ವಾಷರುಗಳೆರಡೂ ಕೆಸರಿಗೆ ಬಿದ್ದವು. ಮೂವರೂ ಕುಕ್ಕರುಗಾಲಲ್ಲಿ ಕೂತು ಕೆಸರು ಕೆದಕಿದರು. ಸಿಗಲಿಲ್ಲ; ಅಂಗಡಿಯಲ್ಲಿದ್ದದ್ದೂ ಅವೆರಡೇ.

“ತೊಗಲಿಂದು ಆದ್ರೂ ಆಗ್ತದೆ,” ಎಂದ ಇನಾಯತುಲ್ಲಾ.

ಚಿಕ್ಕಹನುಮಕ್ಕ ಅಡವಯ್ಯನ ಕಾಲು ನೋಡಿದಳು. ಹೋದ ಹಬ್ಬಕ್ಕೆ ಕೊಂಡ ಚಪ್ಪಲಿಯ ಎಡಗಾಲಿನದು ಎರಡು ವಾಷರಾಯಿತು. ಕೆಳಗಿಂದ ಪಂಪು ಒತ್ತಿ, ಮೇಲಿನ ತೂತಿನಲ್ಲಿ ಎಣ್ಣೆ ಉಕ್ಕಿದ ಕೂಡಲೇ ಅಲ್ಲಿ ತಿರುಪು ಬಿಗಿದು, ಆಮೇಲೆ ಕೆಳಗೂ ಬಿಗಿದರು. ದೋಣಿಯನ್ನು ನೀರಿಗೆ ತಳ್ಳುವಷ್ಟರಲ್ಲಿ ಏರಿಯ ಮೇಲೆ ಜೀಪಿನ ಸದ್ದು ಕೇಳಿತು.

ಸಾಹೇಬರು ಕೆರೆಯಲ್ಲಿ ಎರಡು ಸುತ್ತು ಹೊಡೆದರು. ಅಡವಯ್ಯ ದಡದಲ್ಲಿ ಒಂದು ಚಪ್ಪಲಿಯಲ್ಲಿ ನಿಂತು ಕಂಡ ದೇವರನ್ನೆಲ್ಲ ನೆನೆದ. ಇಳಿದ ಸಾಹೇಬರು ದೋಣಿಯನ್ನು ದಡಕ್ಕೆಳೆಸಿ, ತಿರುಪು ಸಡಿಲಿಸಿ ಎಣ್ಣೆ ನೋಡಿದರು. ಜೇನಿನ ಬಣ್ಣ. ಅವರ ಮುಖ ಅರಳಿತು.

“ಗೇರು ಕೆಟ್ಟಿದೆ ಅಂತ ಅಂದ್ಕೊಂಡಿದ್ದೆ. ಹಾಗಿದ್ರೆ ರಿಪೇರಿ ಮಂಜೂರಾಗೋತನಕ, ಎರಡು ವರ್ಷವೋ ಮೂರು ವರ್ಷವೋ, ದೋಣಿನೂ ನಿನ್ನನ್ನೂ ಇಲ್ಲೇ ಬಿಡಬೇಕು ಅಂತ ಬರೆದು ತಂದಿದ್ದೆ. ಇಷ್ಟು ಚೆನ್ನಾಗಿರೋದನ್ನ ಈ ಸಣ್ಣ ಕೆರೇಲಿ ಯಾಕೆ ಇಡೋದು? ನಾಳೆ ಲಾರಿ ಬರುತ್ತೆ. ದೊಡ್ಡ ಜಲಾಶಯಕ್ಕೆ ಕಳಿಸ್ತೀವಿ.”

“ಮತ್ತೆ ನಾನು, ಸ್ವಾಮಿ?”

“ಅಲ್ಲಿ ಜನ ಇದ್ದಾರೆ. ದೋಣಿ ಇಲ್ಲದ ಮೇಲೆ ಇಲ್ಲಿ ಕಾವಲು ಯಾಕಪ್ಪ?”

ಜೀಪು ಹೋಯಿತು. ಅಡವಯ್ಯ ದೋಣಿಯನ್ನು ಗೂಟಕ್ಕೆ ಕಟ್ಟಿದ. ಆಮೇಲೆ ಇನಾಯತುಲ್ಲಾನ ಹತ್ತಿರ ಸರಿದು, ಮೆಲ್ಲಗೆ, ಬೆಳಗಾಗೋದ್ರೊಳಗೆ ಆ ಎಣ್ಣೆ ಮತ್ತೆ ಬೆಳ್ಳಗಾಗುವ ಸಂಭವವೇನಾದರೂ ಇದೆಯೇ ಎಂದು ಕೇಳಿದ.

ಇನಾಯತುಲ್ಲಾ ಅವನ ಹೆಗಲು ತಟ್ಟಿದ.

“ಬಿಲ್ಕುಲ್ ಇಲ್ಲ ಅಡವಯ್ಯ. ನಮ್ ಕೈ ಕೆಲಸ ಅದು. ಐದ್ ವರ್ಷ ಒಂದ್ ತೊಟ್ಟು ನೀರು ಹೋಗಾಕಿಲ್ಲ. ನೀನು ಹೋಗಿ ನಿಶ್ಚಿಂತೆಯಾಗಿ ಮಲಗು.”