ಗಾಳಿ ಬಸ್ಸಿನ ಕೆಳಗೆ ಎರಡು ದಿಮ್ಮಿ

ಬಸ್ಸಿನ ಕೆಳಗೆ ಮಲಗುವುದು ನನ್ನ ಉದ್ಯೋಗ. ಬೆಳಗಾವಿಯಿಂದ ಖಾನಾಪುರದವರೆಗೆ ಯಾವ ಬಸ್ಸು ಕೆಟ್ಟು ನಿಂತರೂ ನನಗೆ ಫೋನು ಬರುತ್ತದೆ, ನಾನು ನನ್ನ ಹಳೇ ವ್ಯಾನು ತೆಗೆದುಕೊಂಡು ಓಡುತ್ತೇನೆ. ಇಷ್ಟು ವರ್ಷಗಳಲ್ಲಿ ಬಸ್ಸುಗಳು ನನಗೆ ಕೊಟ್ಟ ತ್ರಾಸು ಕಡಿಮೆ. ಬಸ್ಸಿನ ಸುತ್ತ ನಿಂತವರು ಕೊಟ್ಟದ್ದೇ ಹೆಚ್ಚು. ಒಂದು ಮುಗಿಯಿತಪ್ಪಾ ಎಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತದೆ.

ಈಗಿನ ದೊಡ್ಡ ಬಸ್ಸುಗಳು ಕಬ್ಬಿಣದ ಪಟ್ಟಿಗಳ ಮೇಲೆ ನಿಲ್ಲುವುದಿಲ್ಲ, ಗಾಳಿ ತುಂಬಿದ ರಬ್ಬರಿನ ಚೀಲಗಳ ಮೇಲೆ ನಿಲ್ಲುತ್ತವೆ. ನಾವು ಅದಕ್ಕೆ ಬಲೂನ್ ಅನ್ನುತ್ತೇವೆ. ಗಾಳಿ ಹೋದರೆ ಬಸ್ಸು ಕುಳಿತುಬಿಡುತ್ತದೆ, ಎಂಜಿನ್ ಚಾಲೂ ಮಾಡಿದರೆ ಗಾಳಿ ತುಂಬಿ ಏಳುತ್ತದೆ. ಕೆಳಗೆ ಯಾರಿದ್ದಾರೆ ಎಂದು ಅದು ಏಳುವಾಗಲೂ ನೋಡುವುದಿಲ್ಲ, ಕೂರುವಾಗಲೂ ನೋಡುವುದಿಲ್ಲ. ಅದಕ್ಕೇ ಜಾಕ್ ಏರಿಸಿದ ಮೇಲೆ ಬಸ್ಸಿನ ಅಡಿಚೌಕಟ್ಟಿನ ಕೆಳಗೆ ಎರಡು ದಪ್ಪ ಕಟ್ಟಿಗೆ ದಿಮ್ಮಿ ಕೊಟ್ಟೇ ನಾನು ಒಳಗೆ ಹೋಗುವುದು. ಈ ಬುದ್ಧಿಯನ್ನು ನನಗೆ ಯಾವ ಗುರುವೂ ಕಲಿಸಲಿಲ್ಲ. ನನ್ನ ಊಟದ ಡಬ್ಬಿ ಕಲಿಸಿತು.

ಡಬ್ಬಿ

ಗಾಳಿ ಬಸ್ಸುಗಳು ನನ್ನ ಕೈಗೆ ಹೊಸದಾಗಿ ಬರತೊಡಗಿದ್ದ ಕಾಲ. ಬೆಳಗಾವಿಯ ಕ್ಯಾಂಪಿನ ಹತ್ತಿರ ಒಂದು ಬಸ್ಸು ಬಲೂನ್ ಸೋರಿ ನಿಂತಿತ್ತು. ಜಾಕ್ ಒಂದನ್ನೇ ಏರಿಸಿ ಒಳಗೆ ಹೋದೆ. ದಿಮ್ಮಿ ಗಿಮ್ಮಿ ಏನೂ ಇಲ್ಲ, ಧೈರ್ಯ ಮಾತ್ರ ಇತ್ತು. ಊಟದ ಡಬ್ಬಿಯನ್ನು ಹೊರಗಿಟ್ಟರೆ ನಾಯಿ ಬಿಡುವುದಿಲ್ಲವೆಂದು ಬಸ್ಸಿನ ಆಕ್ಸಲ್ ಮೇಲೆ, ನನ್ನ ತಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ನಟ್ಟು ಬಿಚ್ಚುವ ಪಾನಾ ಮರೆತಿದ್ದೆನೆಂದು ಹೊರಗೆ ಬಂದೆ. ಅಷ್ಟರಲ್ಲಿ ಡ್ರೈವರ್ ಎಂಜಿನ್ ಚಾಲೂ ಮಾಡಿದ. ಬಸ್ಸು ಮೆಲ್ಲಗೆ ಎದ್ದಿತು, ಜಾಕ್ ವಾಲಿ ಬಿತ್ತು. ನಾನು ಕೂಗಿದ್ದಕ್ಕೆ ಹೆದರಿ ಅವನು ಎಂಜಿನ್ ಬಂದ್ ಮಾಡಿದ. ಸೋರುವ ಬಲೂನ್ ಉಸ್ಸೆಂದು ಗಾಳಿ ಬಿಟ್ಟಿತು, ಬಸ್ಸು ಡಬ್ಬಿಯ ಮೇಲೆ ಕುಳಿತಿತು.

"ಯಾಕ್ ಚಾಲೂ ಮಾಡಿದೋ ಮಾರಾಯಾ?"

"ಮೊಬೈಲ್ ಚಾರ್ಜ್ ಖಾಲಿ ಆಗಿತ್ರಿ ಮಿಸ್ತ್ರಿ. ಮನಿಯಿಂದ ಫೋನ್ ಬರೂದಿತ್ತು."

ಸಂಜೆ ಆ ಡಬ್ಬಿಯನ್ನು ಹೆಂಡತಿಯ ಮುಂದೆ ಇಟ್ಟು ನಗುತ್ತಾ ಹೇಳಿದೆ. ಅವಳು ನಗಲಿಲ್ಲ. ಡಬ್ಬಿಯನ್ನು ತಿರುವಿ ನೋಡಿ, "ನಿಮ್ಮ ತಲಿ ಎಲ್ಲಿತ್ತು?" ಎಂದಳು. "ಎರಡ ಮಿನಿಟ್ ಮೊದಲ ಅಲ್ಲೇ ಇತ್ತು" ಎಂದೆ.

ಮರುದಿನ ಖಾನಾಪುರದ ಕಟ್ಟಿಗೆ ಅಡ್ಡೆಗೆ ಅವಳೇ ನನ್ನ ಜೊತೆ ಬಂದಳು. ಮತ್ತಿ ಮರದ ಎರಡು ದಿಮ್ಮಿಗಳನ್ನು ಬದನೆಕಾಯಿ ಆರಿಸುವ ಹಾಗೆ ತಟ್ಟಿ ತಟ್ಟಿ ಆರಿಸಿದಳು. ಎರಡು ಕಾನೂನನ್ನೂ ಮಾಡಿದಳು. "ದಿಮ್ಮಿ ಕೊಡದ ಒಳಗ ಹೋಗಬಾರದು. ನೀವು ಹೊರಗ ಬಂದು ನಿಮ್ಮ ಬಾಯಿಲೆ ಬಂದೆ ಅನ್ನೂತನಕಾ ಗಾಡಿ ಚಾವಿ ಯಾರ ಕೈಗೂ ಸಿಗಬಾರದು."

ಆ ಡಬ್ಬಿಯನ್ನು ನೆನಪಿಗಿರಲಿ ಎಂದು ವ್ಯಾನಿನಲ್ಲಿ ತೂಗುಹಾಕಿದ್ದೇನೆ. ನೋಡಿದವರೆಲ್ಲ "ಇಷ್ಟು ಸಣ್ಣ ತಾಟು ಎಲ್ಲಿ ಸಿಕ್ತ್ರಿ?" ಎಂದು ಕೇಳುತ್ತಾರೆ.

ಸೀಟು

ಬಸ್ಸು ಎತ್ತುವ ಮೊದಲು ಜನ ಇಳಿಯಬೇಕು. ಇದನ್ನು ಹೇಳುವುದು ಸುಲಭ. ಬೆಳಗಾವಿ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರವಸ್ತ್ರ ಎಸೆದು, ಮೂರು ಜನರ ಕಾಲು ತುಳಿದು ಸೀಟು ಹಿಡಿದವರನ್ನು ಇಳಿಸಿ ನೋಡಿ, ಆಗ ಗೊತ್ತಾಗುತ್ತದೆ.

ದೇಸೂರಿನ ಹತ್ತಿರ ಹೀಗೇ ಒಂದು ಬಸ್ಸು ನಿಂತಿತ್ತು. "ಎಲ್ಲಾರೂ ಇಳೀರಿ, ಗಾಡಿ ಎತ್ತಬೇಕು" ಎಂದೆ. ಒಬ್ಬರೂ ಅಲುಗಲಿಲ್ಲ. ಒಬ್ಬ ಹಿರಿಯರು "ನಾವು ಅಲುಗಾಡಂಗಿಲ್ಲ, ನೀವು ಎತ್ರಿ" ಎಂದು ಉದಾರವಾಗಿ ಅಪ್ಪಣೆ ಕೊಟ್ಟರು. ಇನ್ನೊಬ್ಬರು ತಾವು ಬಹಳ ಹಗುರ ಎಂದರು. ಗಂಟಲು ಹರಿಯುವಂತೆ ಕೂಗಿದ ಮೇಲೆ ಒಬ್ಬೊಬ್ಬರಾಗಿ ಇಳಿದರು. ಸೀಟಿನ ಮೇಲೆ ಟವೆಲು, ಚೀಲ, ಕೊಡೆ, ಒಂದು ಕಡೆ ಚಪ್ಪಲಿ ಕೂಡ ಬಿಟ್ಟು ಇಳಿದರು.

ಜಾಕ್ ಹಚ್ಚುವ ಮೊದಲು ಒಮ್ಮೆ ಒಳಗೆ ಇಣುಕಿದೆ. ನಡುವಿನ ಸೀಟಿನಲ್ಲಿ ಒಬ್ಬ ಮನುಷ್ಯ ಕೈಕಟ್ಟಿ ಕುಳಿತಿದ್ದ. ಇಳಿಯಪ್ಪಾ ಎಂದರೆ ಕಿಟಕಿಯಿಂದ ಹೊರಗೆ ಬೆರಳು ತೋರಿಸಿದ. ಹೊರಗೆ ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಾಯಾರ, ನಿಮ್ಮ ಯಜಮಾನ್ರನ್ನ ಇಳಸ್ರಿ."

"ಯಾಕ ಇಳಸಲಿ? ಎಲ್ಲಾರೂ ಟಾವೆಲ್ ಇಟ್ಟು ಬಂದಾರ, ನಾ ಇವರನ್ನ ಇಟ್ಟು ಬಂದೀನಿ."

ನಿಂಬೆಹಣ್ಣು

ಹಿಂದಿನ ಗಾಲಿ ಎತ್ತಿದ ಮೇಲೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ಅದು ಹಿಡಿಯುವುದೇ ಹಿಂದಿನ ಗಾಲಿಯನ್ನು, ಆ ಗಾಲಿ ಗಾಳಿಯಲ್ಲಿರುತ್ತದೆ. ಹಾಗಾಗಿ ಮುಂದಿನ ಗಾಲಿಗೆ ಅಡ್ಡ ಕಲ್ಲು ಇಡಲೇಬೇಕು.

ಹೊಸ ಬಲೂನ್ ಹಾಕಿಸಲು ಬಂದ ಒಬ್ಬ ಡ್ರೈವರಿಗೆ ಅದನ್ನೇ ಹೇಳಿದೆ. "ಮುಂದಿನ ಗಾಲಿಗೆ ಅಡ್ಡ ಇಟ್ಟಿಯೇನು?"

"ಇಟ್ಟೀನ್ರಿ."

"ಎರಡೂ ಕಡೆ?"

"ಎರಡೂ ಕಡೆ ಇಟ್ಟೀನ್ರಿ."

ಜಾಕ್ ಏರಿಸಿದೆ. ಹಿಂದಿನ ಗಾಲಿ ನೆಲ ಬಿಟ್ಟದ್ದೇ ತಡ, ಬಸ್ಸು ಮೆಲ್ಲಗೆ ಮುಂದೆ ಹೊರಟಿತು. ಪುಣ್ಯಕ್ಕೆ ನಾನಿನ್ನೂ ಹೊರಗಿದ್ದೆ. ಒಂದು ಗೇಣು ಸರಿದು ಜಾಕ್ ಬಿದ್ದು ಬಸ್ಸು ನಿಂತಿತು. ಓಡಿ ಹೋಗಿ ನೋಡಿದರೆ ಮುಂದಿನ ಎರಡೂ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು, ಅಪ್ಪಚ್ಚಿಯಾಗಿದ್ದವು. ಹೊಸ ಸಾಮಾನು ಹಾಕುವಾಗ ಗಾಡಿಗೆ ಪೂಜೆ ಮಾಡುವುದು ಅವನ ಪದ್ಧತಿಯಂತೆ. ಅಡ್ಡ ಇಡು ಎಂದರೆ ನಾನೂ ಅದನ್ನೇ ಹೇಳುತ್ತಿದ್ದೇನೆ ಎಂದುಕೊಂಡನಂತೆ.

ನನಗೆ ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದಂತೆ ಬೈದೆ. ಅವನು ಶಾಂತವಾಗಿ ಕೇಳಿಸಿಕೊಂಡು ರಸ ಸುರಿಯುತ್ತಿದ್ದ ನಿಂಬೆಹಣ್ಣು ತೋರಿಸಿದ. "ಸುಮ್ನ ಬೈಬ್ಯಾಡ್ರಿ ಮಿಸ್ತ್ರಿ. ನಿಂಬಿಹಣ್ಣು ತನ್ನ ಕೆಲಸಾ ಮಾಡೇತಿ. ನೀವು ಉಳದೀರಿಲ್ಲೋ?"

ಚಾವಿ

ಇದು ಹೋದ ವರ್ಷದ್ದು. ದೇಸೂರು ದಾಟಿದ ಮೇಲೆ ಒಂದು ಮದುವೆ ಬಸ್ಸು ಬಲೂನ್ ಒಡೆದು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಒಳಗೆ ಮದುಮಗ, ಅವನ ಬಳಗ, ನಲವತ್ತು ಜನ. ಮದುವೆ ಖಾನಾಪುರದಲ್ಲಿ. ನಾನು ಮುಟ್ಟಿದಾಗ ಹತ್ತೂವರೆ. ಎಲ್ಲರ ಪರವಾಗಿ ಮಾತಾಡುತ್ತಿದ್ದವರು ಮದುಮಗನ ಸೋದರಮಾವ. "ಹನ್ನೆರಡೂ ಮೂವತ್ತೈದಕ್ಕ ಮುಹೂರ್ತ ಐತಿ ಮಿಸ್ತ್ರಿ, ಲಗೂನ ಮಾಡ್ರಿ" ಎಂದರು.

ವ್ಯಾನಿನ ಬಾಗಿಲು ತೆಗೆದೆ. ದಿಮ್ಮಿಗಳಿಲ್ಲ. ಹಿಂದಿನ ದಿನ ಮನೆಯಲ್ಲಿ ವಾಷಿಂಗ್ ಮಷೀನಿನ ಕೆಳಗೆ ಗುಡಿಸಲೆಂದು ಅದನ್ನು ಎತ್ತಿ ದಿಮ್ಮಿಗಳ ಮೇಲೆ ಇಟ್ಟವನು ನಾನೇ. ಮರೆತವನೂ ನಾನೇ. ಟಿಳಕವಾಡಿಯ ಮನೆಗೆ ಫೋನು ಹಚ್ಚಿದೆ. ಹೆಂಡತಿ, "ಒಳಗ ಹೋಗಬ್ಯಾಡ್ರಿ, ತರ್ತೀನಿ" ಎಂದು ಫೋನು ಇಟ್ಟಳು.

ಸೋದರಮಾವನಿಗೆ ತಡೆಯಲಿಲ್ಲ. "ಎರಡ ಮಿನಿಟಿನ ಕೆಲಸಕ್ಕ ದಿಮ್ಮಿ ಯಾಕ್ರಿ? ನಾವು ನಲವತ್ತ ಮಂದಿ ಇದ್ದೀವಿ. ಗಾಡಿ ಹಿಡಕೊಂಡು ನಿಂದರ್ತೀವಿ, ನೀವು ಒಳಗ ನಡೀರಿ." ಖರೆ ಹೇಳುತ್ತೇನೆ, ತಲೆಗೆ ರೇಷ್ಮೆ ಪಟಗ ಸುತ್ತಿದ ಗಂಡಸರೆಲ್ಲ ತೋಳೇರಿಸಿ ಬಸ್ಸಿಗೆ ಕೈಕೊಟ್ಟು ನಿಂತೇಬಿಟ್ಟರು. ಹತ್ತು ಟನ್ನಿನ ಬಸ್ಸು.

ಅವಳು ಬರುವಷ್ಟರಲ್ಲಿ ಎತ್ತಿಯಾದರೂ ಇಡೋಣ ಎಂದು ಒಳಗಿದ್ದ ಉಳಿದವರನ್ನೂ ಇಳಿಸಿ, ಹೊರಗೇ ಕುಳಿತು ಜಾಕ್ ಏರಿಸಿದೆ. ರಸ್ತೆ ಬದಿಯ ಮಣ್ಣು ಮೆತ್ತಗಿತ್ತು. ಜಾಕಿನ ಕೆಳಗಿನ ಹಲಗೆ ಜಾರಿ ಬಸ್ಸು ಧಡ್ ಎಂದು ಕೂತಿತು. ಧೂಳು ಇಳಿದ ಮೇಲೆ ನೋಡಿದರೆ ಬಸ್ಸು ಹಿಡಿದವರಲ್ಲಿ ಒಬ್ಬನೂ ಇಲ್ಲ. ನಲವತ್ತೂ ಜನ ಬದುವಿನ ಆಚೆ ಹೊಲದಲ್ಲಿದ್ದರು. ಎಲ್ಲರಿಗಿಂತ ದೂರ ಸೋದರಮಾವ. ನಾನು ಬಿದ್ದ ಜಾಕ್ ಎಳೆದುಕೊಂಡು ಗಟ್ಟಿ ನೆಲ ಹುಡುಕತೊಡಗಿದೆ.

ಹೆಂಡತಿ ಸ್ಕೂಟರಿನ ಮುಂದೆ ಎರಡೂ ದಿಮ್ಮಿ ಇಟ್ಟುಕೊಂಡು ಬಂದಳು. ಗಟ್ಟಿ ನೆಲದ ಮೇಲೆ ದಪ್ಪ ಹಲಗೆ ಕೊಟ್ಟು ಜಾಕ್ ಏರಿಸಿ, ದಿಮ್ಮಿ ಕೂರಿಸಿ, ಡ್ರೈವರಿನಿಂದ ಚಾವಿ ತೆಗೆದು ಅವಳ ಕೈಗೆ ಕೊಟ್ಟು ಒಳಗೆ ಹೋದೆ. ಕೆಲಸ ಮಾಡುತ್ತಿದ್ದಾಗ ಹೊರಗೆ ಸೋದರಮಾವನ ದನಿ ಕೇಳುತ್ತಿತ್ತು. "ಬಾಯಾರ, ಒಂದ ಮಿನಿಟ್ ಚಾವಿ ಕೊಡ್ರಿ, ಏಸಿ ಹಚ್ಚೂಣು. ಮದುಮಗಾ ಬೆವತಾನ." ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ. ಆಮೇಲೆ ಸ್ಕೂಟರಿನ ಸದ್ದು ಕೇಳಿತು, ಸೋದರಮಾವನ ದನಿ ನಿಂತಿತು.

ಬಲೂನ್ ಬದಲಿಸಿ ಹೊರಗೆ ಬಂದೆ. ಹನ್ನೊಂದೂವರೆ. ಬಸ್ಸು ತಯಾರು, ಜನ ತಯಾರು, ಚಾವಿ ಇಲ್ಲ. ಹೆಂಡತಿಯೂ ಇಲ್ಲ.

ಮುಹೂರ್ತ ತಪ್ಪಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹತ್ತು ನಿಮಿಷ ಮೊದಲು ಮುಟ್ಟಿದರು. ಆದರೆ ಆ ಫೋನು ನಾನು ಮರೆಯುವುದಿಲ್ಲ.

ನನ್ನ ಕೈಯಿಂದ ಫೋನು ಕಸಿದುಕೊಂಡು ಸೋದರಮಾವನೇ ಹಚ್ಚಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರಿನಲ್ಲಿ ಇಟ್ಟರು.

"ಬಾಯಾರ, ಚಾವಿ ಎಲ್ಲೈತ್ರಿ?"

"ನನ್ನ ಪರ್ಸಿನ್ಯಾಗ ಐತಿ. ನಾ ದೇಸೂರ ಸ್ಟೇಶನ್ ಕಡೆ ಬಂದು ನಿಂತೀನಿ. ಅಲ್ಲೇ ಇದ್ರ ನೀವು ಬೇಡೂದು ಬಿಡಂಗಿಲ್ಲ, ನಾನೂ ಮರುಗಿ ಕೊಟ್ಟಬಿಡ್ತಿದ್ದೆ."

"ಕೆಲಸಾ ಮುಗದೈತ್ರಿ. ಮಿಸ್ತ್ರಿ ಹೊರಗ ಬಂದಾರ. ಲಗೂನ ಬರ್ರಿ."

"ಅದನ್ನ ನೀವು ಹೇಳಬ್ಯಾಡ್ರಿ. ಅವರ ಬಾಯಿಲೆ ಕೇಳಬೇಕು."

ಹಿಂದಿನಿಂದ ನಲವತ್ತು ಜನ ಒಂದೇ ದನಿಯಲ್ಲಿ "ಬಂದಾರ್ರೀ" ಎಂದು ಕೂಗಿದರು. ಸೋದರಮಾವ ಎರಡೂ ಕೈಯಲ್ಲಿ ಫೋನು ಹಿಡಿದು ನನ್ನ ಬಾಯಿಯ ಮುಂದೆ ತಂದರು.

"ಬಂದೆ" ಎಂದೆ.

"ಪೂರಾ ಬಂದೀರೋ, ಕಾಲು ಇನ್ನೂ ಒಳಗ ಅದಾವೋ?"