ಕಪ್ ಗೆದ್ದ ವರ್ಷದ ಸಿಟ್ಟುಗಳು

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಸಿಟ್ಟು ಮಾಡಿಕೊಳ್ಳಬೇಡಿ, ಬಿಪಿ ಏರುತ್ತದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟು ಹೇಳುತ್ತಲೇ ಇರುತ್ತಾರೆ. ಒಂದು ವಾರ ನಮ್ಮ ಮೈದಾನಕ್ಕೆ ಬಂದು ನಿಂತರೆ ಆ ಮಾತ್ರೆ ಅವರೇ ನುಂಗುತ್ತಾರೆ. ನಮ್ಮ ಫುಟ್‌ಬಾಲ್ ತಂಡ ಅಂತರಕಾಲೇಜು ಕಪ್ ಗೆದ್ದ ವರ್ಷವಂತೂ ದಿನಕ್ಕೊಂದು ಪ್ರಸಂಗ. ಮೈದಾನದಲ್ಲಿ ಸಭಾಂಗಣ ಕಟ್ಟಬೇಕೆಂದಿದ್ದೇವೆ, ಕಪ್ ತಂದರೆ ಮೈದಾನ ನಿಮಗೇ ಬಿಡುತ್ತೇವೆ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ಅದನ್ನು ನಂಬಿಕೊಂಡೇ ನಾವು ಆಡಿದ್ದು.

೧. ಬೆಳಗಿನ ಅಭ್ಯಾಸ

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಈ ಗೋಲಿನಿಂದ ಆ ಗೋಲಿನವರೆಗೆ ಬೇಯಿಸಿದ ಅಡಿಕೆ ಹರವಿತ್ತು. ಆಡಳಿತ ಮಂಡಳಿಯ ಸದಸ್ಯರೊಬ್ಬರದು. ಅವರ ಮನೆಯಂಗಳ ಸಾಲಲಿಲ್ಲವಂತೆ. ಅಲ್ಲೇ ನಿಂತಿದ್ದ ಅವರಿಗೆ ಪಂದ್ಯ ಹತ್ತಿರ ಬಂತು, ತೆಗೆಸಿ ಎಂದೆ.

"ಹುಡುಗರು ಹೇಗೂ ಓಡ್ತಾರಲ್ಲ ಮೇಷ್ಟ್ರೇ. ಇದರ ಮೇಲೇ ಕಾಲೆಳ್ಕೊಂಡು ನಾಲ್ಕು ಸುತ್ತು ಹೋಗ್ಲಿ. ಅಡಿಕೆನೂ ತಿರುವಿದ ಹಾಗಾಗುತ್ತೆ."

ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಸೆಂಟರ್ ಫಾರ್ವರ್ಡ್ ಬೂಟು ಬಿಚ್ಚಿ ಅಡಿಕೆಗೆ ಇಳಿದಿದ್ದ. ತೋಟದವರ ಮನೆಯ ಹುಡುಗ, ಕಾಲು ತಡೆಯಲಿಲ್ಲ. ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿ, ಇದಕ್ಕೆ ಇನ್ನೂ ಒಂದು ವಾರದ ಬಿಸಿಲು ಬೇಕು, ಈಗಲೇ ತೆಗೆಯಬೇಡಿ ಎಂದು ಸದಸ್ಯರಿಗೆ ಸಲಹೆಯನ್ನೂ ಕೊಟ್ಟ.

೨. ಗೋಲಿನ ಹಿಂದಿನ ಅಪ್ಪ

ಸೆಮಿಫೈನಲ್ ಭದ್ರಾವತಿಯಲ್ಲಿ, ಅಲ್ಲಿಯ ಕಾಲೇಜಿನ ಮೇಲೆ. ನಮ್ಮ ಗೋಲ್‌ಕೀಪರ್ ಅದೇ ಊರಿನ ಕಾರ್ಖಾನೆ ಕ್ವಾರ್ಟರ್ಸಿನವನು. ಅವನಪ್ಪ ನಮ್ಮ ಗೋಲಿನ ಹಿಂದೆಯೇ ನಿಂತಿದ್ದರು. ಮಗನಿಗೆ ಧೈರ್ಯ ಹೇಳಲು ಬಂದಿದ್ದಾರೆ ಎಂದು ನಾನು ಕುರ್ಚಿ ಕೂಡ ಹಾಕಿಸಿದೆ.

ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಅಪ್ಪ ಆ ಕುರ್ಚಿಯ ಮೇಲೇ ಹತ್ತಿ ನಿಂತು, ಇವನಿಗೆ ಎಡಕ್ಕೆ ಬೀಳೋದಕ್ಕೆ ಬರಲ್ಲ, ಎಡಕ್ಕೇ ಹೊಡಿ ಎಂದು ಆ ಕಡೆಯವನಿಗೆ ಕೂಗಿದರು. ಹುಡುಗ ಅಪ್ಪನ ಮೇಲಿನ ಸಿಟ್ಟಿಗೇ ಎಡಕ್ಕೆ ಹಾರಿ ಚೆಂಡು ಹಿಡಿದ. ನಾವು ಗೆದ್ದೆವು.

ಪಂದ್ಯ ಮುಗಿದ ಮೇಲೆ ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. ಸ್ವಂತ ಮಗನ ಗುಟ್ಟು ಬಿಟ್ಟುಕೊಡೋದಾ ಎಂದೆ. ಅವರಿಗೆ ನಾಚಿಕೆಯೇನೂ ಇರಲಿಲ್ಲ.

"ನಾನು ಹುಟ್ಟಿದಾಗಿಂದ ಭದ್ರಾವತಿ ಕಡೆ ಸಾರ್. ಇವನು ನಿನ್ನೆ ಮೊನ್ನೆ ಬಂದೋನು."

೩. ಮುಖ್ಯ ಅತಿಥಿಗಳ ಆಟ

ಫೈನಲ್ ನಮ್ಮ ಮೈದಾನದಲ್ಲೇ. ಉದ್ಘಾಟಿಸಬೇಕಾದ ಮುಖ್ಯ ಅತಿಥಿಗಳು ಬರಲೇ ಇಲ್ಲ, ಕಾದು ಸಾಕಾಗಿ ಶುರು ಮಾಡಿದೆವು. ದ್ವಿತೀಯಾರ್ಧದಲ್ಲಿ ನಮ್ಮ ಹುಡುಗ ಎಲ್ಲರನ್ನೂ ದಾಟಿ ಗೋಲಿನ ಮುಂದೆ ನಿಂತಿದ್ದಾನೆ, ಮೈಕಿನಲ್ಲಿ ಪ್ರಿನ್ಸಿಪಾಲರು: "ದಯವಿಟ್ಟು ಆಟ ನಿಲ್ಲಿಸಬೇಕು, ಅತಿಥಿಗಳು ಬಂದಿದ್ದಾರೆ." ರೆಫ್ರಿ ನಿಜವಾಗಿಯೂ ಸೀಟಿ ಊದಿಬಿಟ್ಟ.

ಪ್ರಾರ್ಥನೆ, ಹಾರ, ಶಾಲು, ಭಾಷಣ ಎಲ್ಲ ಆಯಿತು. ಬೆವರಿದ ಹುಡುಗರು ಬಿಸಿಲಲ್ಲಿ ನಿಂತೇ ಇದ್ದರು. ಕೊನೆಗೆ ಅತಿಥಿಗಳು ಮೈದಾನಕ್ಕಿಳಿದು ಉದ್ಘಾಟನೆಗೆಂದು ಚೆಂಡು ಒದ್ದರು. ಫೋಟೋ ಸರಿ ಬರಲಿಲ್ಲವೆಂದು ಮತ್ತೆ ಒದ್ದರು. ಪ್ರಿನ್ಸಿಪಾಲರು ಚೌಕಟ್ಟಿನೊಳಗೆ ಬರಲಿಲ್ಲವೆಂದು ಇನ್ನೊಮ್ಮೆ ಒದ್ದರು. ನಮ್ಮ ಲೆಫ್ಟ್ ಬ್ಯಾಕ್ ಇಡೀ ಪಂದ್ಯದಲ್ಲಿ ಅಷ್ಟು ಸಲ ಒದ್ದಿರಲಿಲ್ಲ.

೪. ಸನ್ಮಾನ

ಅಷ್ಟಾದರೂ ಹುಡುಗರು ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ಗೆದ್ದರು. ಮೈದಾನ ಉಳಿಯಿತಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಆ ವರ್ಷದಲ್ಲಿ ನಾನು ಸಿಟ್ಟಿಲ್ಲದೆ ಇದ್ದದ್ದು ಆ ಅರ್ಧ ಗಂಟೆ ಮಾತ್ರ.

ಸನ್ಮಾನ ಸಮಾರಂಭದಲ್ಲಿ ಪ್ರಿನ್ಸಿಪಾಲರು ಗದ್ಗದಿತರಾಗಿ ಘೋಷಿಸಿದರು. ಈ ಐತಿಹಾಸಿಕ ಗೆಲುವು ಮರೆಯಬಾರದು, ಆದ್ದರಿಂದ ಇದರ ನೆನಪಿಗಾಗಿ ಇದೇ ಮೈದಾನದಲ್ಲಿ ಒಂದು ಭವ್ಯ ಸಭಾಂಗಣ ಕಟ್ಟುತ್ತೇವೆ, ಹಣ ಕೊಡಲು ಮುಖ್ಯ ಅತಿಥಿಗಳು ಒಪ್ಪಿದ್ದಾರೆ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಕ್ಯಾಪ್ಟನ್ ಕಪ್ಪನ್ನು ಎದೆಗವುಚಿಕೊಂಡು ವೇದಿಕೆಯ ಮೇಲೇ ಕೇಳಿದ:

"ಹಾಗಾದ್ರೆ ಮುಂದಿನ ವರ್ಷ ನಾವು ಎಲ್ಲಿ ಆಡೋದು ಸಾರ್?"

ಪ್ರಿನ್ಸಿಪಾಲರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು.

"ಇನ್ಯಾಕೆ ಆಡ್ಬೇಕು ಮಾರಾಯ? ಗೆದ್ದಾಯ್ತಲ್ಲ."