ಡ್ರೈವಿಂಗ್ ಮಾಸ್ತರರು ಸೇತುವೆ ದಾಟಿದ್ದು

"ಸ್ಟೀರಿಂಗ್ ಇರೋ ಯಾವುದನ್ನಾದ್ರೂ ಕೊಡು, ಓಡಿಸ್ತೀನಿ. ಇಲ್ಲದಿದ್ರೂ ಓಡಿಸ್ತೀನಿ!" ಎಂದು ಡ್ರೈವಿಂಗ್ ಶಾಲೆಯ ಮಾಸ್ತರರು ಸೋಫಾದ ಮೇಲೆ ಪದ್ಮಾಸನ ಹಾಕಿ ಘೋಷಿಸಿದರು. ಅರ್ಧ ಊರಿಗೆ ಕಾರು ಕಲಿಸಿದ ಮಹಾನುಭಾವರು! ಶಾಲೆಯ ಕಾರಿನಲ್ಲಿ ಅವರ ಕಾಲಡಿಗೂ ಒಂದು ಬ್ರೇಕ್ ಇದೆ. ಕಲಿಯುವವರು ಇನ್ನೇನು ಲಾರಿಗೆ ಗುದ್ದಬೇಕು, ಆಗ ಸದ್ದಿಲ್ಲದೆ ಅದನ್ನು ಒತ್ತುತ್ತಾರೆ. "ಎಷ್ಟು ಚೆನ್ನಾಗಿ ನಿಲ್ಲಿಸಿದೆ ನೋಡಿ ಸಾರ್" ಎಂದು ಕಲಿಯುವವರು ಬೀಗಿದ್ದನ್ನು ಮಾಸ್ತರರು ಮನೆಗೆ ಬಂದು ಹೇಳಿ ಹೊಟ್ಟೆ ಹಿಡಿದು ನಗುತ್ತಾರೆ. ಆದರೆ ಹೆಂಡತಿಗೆ ಮಾತ್ರ ಸ್ಟೀರಿಂಗ್ ಮುಟ್ಟಲು ಬಿಟ್ಟವರಲ್ಲ. "ನಿನಗ್ಯಾಕೆ ಆ ತಲೆನೋವು?"

ಅವತ್ತು ಮಗಳ ವಿಡಿಯೋ ಗೇಮ್ ಟಿವಿಯಲ್ಲಿ ಅರ್ಧಕ್ಕೆ ನಿಂತಿತ್ತು. ಕೆಂಪಂಗಿಯ ಹುಡುಗ, ನೀಲಿಯಂಗಿಯ ಹುಡುಗಿ, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಮುಂದೆ ಮುರುಕಲು ಸೇತುವೆ.

"ಅಪ್ಪಾ, ಮುಟ್ಬೇಡಿ! ಉಳಿದಿರೋದು ಒಂದೇ ಜೀವ. ಬಿದ್ರೆ ಮೊದಲಿಂದ ಆಡ್ಬೇಕು, ರಜೆಯೆಲ್ಲಾ ಪಟ್ಟ ಕಷ್ಟ ನೀರುಪಾಲು!" ಎಂದು ಹೇಳಿ ಮಗಳು ಸ್ನಾನಕ್ಕೆ ಹೋದಳು.

ಬೇಡ ಎಂದ ಮೇಲೆ ಕೈ ಸುಮ್ಮನಿದ್ದೀತೇ? ಮಾಸ್ತರರು ಆಟದ ಕಂಟ್ರೋಲರ್ ಎತ್ತಿಕೊಂಡು ಗುಂಡಿ ಒತ್ತಿದರು. ಪರದೆಯ ಮೇಲೆ ಅಪ್ಪಣೆ ಬಂತು: 'ಎರಡು ಕಂಟ್ರೋಲರ್ ಬೇಕು.'

"ಏ, ಬಾರೇ ಇಲ್ಲಿ! ಇನ್ನೊಂದನ್ನ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೋ. ಏನೂ ಒತ್ಬೇಡ!"

"ಹಾಗಾದ್ರೆ ನಾನ್ಯಾಕೆ?" ಎನ್ನುತ್ತ ಹೆಂಡತಿ ಅಡುಗೆಮನೆಯಿಂದ ಬಂದಳು.

"ಎರಡು ಬೇಕಂತೆ, ಅದಕ್ಕೆ."

"ಓಹೋ, ಲೆಕ್ಕಕ್ಕುಂಟು, ಆಟಕ್ಕಿಲ್ಲ ಅನ್ನಿ."

ಎಡ ಸ್ಟಿಕ್ ತಿರುಗಿಸಿದರೆ ನಡಿಗೆ, ಬಲ ಸ್ಟಿಕ್ ತಿರುಗಿಸಿದರೆ ನೋಟ. ಮಾಸ್ತರರು ಎರಡನ್ನೂ ಒಟ್ಟಿಗೇ ತಿರುಗಿಸಿದರು. ಹುಡುಗ ಆಕಾಶ ನೋಡುತ್ತ ಪ್ರಪಾತದ ಕಡೆ ಓಡಿದ! ಮಾಸ್ತರರು ಕಂಟ್ರೋಲರ್ ಸಮೇತ ಬಲಕ್ಕೆ ವಾಲಿ ಹೆಂಡತಿಯ ಮೇಲೆ ಬಿದ್ದರು. ಹುಡುಗ ವಾಲಲಿಲ್ಲ. "ಬ್ರೇಕ್! ಬ್ರೇಕ್!" ಎಂದು ಬಲಗಾಲು ಒತ್ತಿದರು. ಕಾಲಿಗೆ ಸಿಕ್ಕಿದ್ದು ಟೀಪಾಯಿ! ಅದು ಜಾರಿತು, ಮೇಲಿದ್ದ ನೀರಿನ ಜಗ್ಗು ಉರುಳಿತು, ಚಪ್ಪಲಿ ಹಾರಿ ಗೋಡೆಗೆ ಬಡಿಯಿತು. ಅಷ್ಟರಲ್ಲಿ ಹುಡುಗ ಹಲಗೆಯ ಅಂಚು ದಾಟಿಯೇಬಿಟ್ಟ. ಮಾಸ್ತರರು ಗಟ್ಟಿಯಾಗಿ ಕಣ್ಣು ಮುಚ್ಚಿದರು. ಮಗಳಿಗೆ ಹೇಗೆ ಮುಖ ತೋರಿಸುವುದು?

ಟಿವಿಯಲ್ಲಿ ಜಯಭೇರಿ ಮೊಳಗಿತು. ಕಣ್ಣು ಬಿಟ್ಟರೆ ಹುಡುಗ ಆಚೆ ದಡದಲ್ಲಿ! ಹೋದ ಜೀವ ಬಂದಂತಾಯಿತು. ಒದ್ದೆ ನೆಲದ ಮೇಲೆ ಕಾಲು ಚಾಚಿ ನಿಟ್ಟುಸಿರು ಬಿಟ್ಟರು. ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಕೈ ಮೀಸೆಗೆ ಹೋಗಿತ್ತು.

ಮಗಳು ತಲೆ ಒರೆಸುತ್ತ ಬಂದಳು. "ಅಯ್ಯೋ, ದಾಟಿಬಿಟ್ಟಿದೆ! ಯಾರು ದಾಟಿಸಿದ್ದು?"

"ಎಷ್ಟು ಚೆನ್ನಾಗಿ ದಾಟಿಸಿದೆ ನೋಡು!"

ಮಗಳು ಪರದೆ ನೋಡಿದಳು. ಆಚೆ ದಡದಲ್ಲಿ ಹುಡುಗನ ಪಕ್ಕ ನೀಲಿಯಂಗಿಯ ಹುಡುಗಿ ಇನ್ನೂ ಹಗ್ಗವನ್ನು ಬಿಗಿಯಾಗಿ ಹಿಡಿದೇ ನಿಂತಿದ್ದಳು. "ಅಪ್ಪಾ, ಒಬ್ರು ಬಿದ್ರೆ ಇನ್ನೊಬ್ರು ಗುಂಡಿ ಒತ್ತಿ ಹಗ್ಗ ಎಳ್ಕೋಬೇಕು. ಅಮ್ಮಾ, ನೀನಾ?"

"ಮತ್ತೆ? ದಿನಾ ಮಧ್ಯಾಹ್ನ ನಿನ್ನ ಜೊತೆ ಆಡೋದು ಇದನ್ನೇ ಅಲ್ವಾ? ನಾನು ಮೊದಲೇ ದಾಟಿ ನಿಂತಿದ್ದೆ, ಇವರು ಬೀಳ್ತಾ ಇದ್ರು. ಸದ್ದಿಲ್ಲದೆ ಒತ್ತಿದೆ."

ಮಾಸ್ತರರ ಕೈ ಮೀಸೆಯ ಮೇಲೇ ಉಳಿಯಿತು. ಆದರೂ ಮಗಳ ನಗು ಕಂಡು, ಮಾನ ಹೋದರೆ ಹೋಗಲಿ, ರಜೆಯ ಕಷ್ಟ ಉಳಿಯಿತಲ್ಲ ಎಂದು ಮನಸ್ಸು ಹಗುರವಾಯಿತು. ತಾವಾಗಿಯೇ ನೆಲ ಒರೆಸುವ ಬಟ್ಟೆ ತಂದರು.

"ಇರಲಿ ಬಿಡಿ, ಕಲಿಯೋವಾಗ ಎಲ್ಲರಿಗೂ ಹೀಗೇ," ಎಂದು ಹೆಂಡತಿ ಸಮಾಧಾನ ಹೇಳಿ ಕೈ ಚಾಚಿದಳು. "ಕಾರಿನ ಕೀಲಿ ಕೊಡಿ. ನಾಳೆಯಿಂದ ಸ್ಟೀರಿಂಗ್ ನನ್ನ ಕೈಗೆ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಏನೂ ಒತ್ಬೇಡಿ!"